ಎಲ್ಲ ಫೋನ್ ಕಂಪನಿಗಳಿಗೂ ಒಂದೇ ಎಕ್ಸ್‌ಚೇಂಜ್ ಯಾಕಿಲ್ಲ?

ಪ್ರಶ್ನೆ: ಹಾವೇರಿ ಜಿಲ್ಲೆಯ ಸಣ್ಣ ಊರೊಂದರಲ್ಲಿ ಫೈಬರ್ ಇಂಟರ್‌ನೆಟ್ ಕೊಡುತ್ತಿದ್ದೇನೆ. ಗ್ರಾಹಕರು ಫೋನ್ ಸೌಲಭ್ಯವನ್ನೂ ಕೇಳುತ್ತಿದ್ದಾರೆ. ವಿಚಾರಿಸಿದರೆ, ನೀವೇ ಫೋನ್ ಸೇವೆ ಕೊಡಬೇಕಾದರೆ ಒಂದೊಂದು ಕಂಪನಿಯ ಜೊತೆಗೂ ಬೇರೆ ಒಪ್ಪಂದ, ಬೇರೆ ಲಿಂಕ್ ಬೇಕು ಅಂತಾರೆ. ಇಂಟರ್‌ನೆಟ್‌ಗೆ ನಿಕ್ಸಿ ಇರುವ ಹಾಗೆ ಫೋನ್ ಕರೆಗೂ ಎಲ್ಲರೂ ಬಂದು ಸೇರುವ ಒಂದು ಎಕ್ಸ್‌ಚೇಂಜ್ ಯಾಕಿಲ್ಲ? ಇನ್ನೊಂದು, ನನ್ನ ಮೊಬೈಲ್ ಯಾವ ಕಂಪನಿಯದೋ ಅದೇ ಕಂಪನಿಯ ನಂಬರ್‌ಗೆ ಮಾಡಿದರೆ ದನಿ ಸ್ಪಷ್ಟ, ಬೇರೆ ಕಂಪನಿಗೆ ಮಾಡಿದರೆ ಮಂಕು. ಇದಕ್ಕೂ ಅದಕ್ಕೂ ಸಂಬಂಧ ಇದೆಯಾ?

ಉತ್ತರ: ಸಂಬಂಧ ಇದೆ. ಎರಡೂ ಪ್ರಶ್ನೆ ಬಂದು ನಿಲ್ಲುವುದು ಒಂದೇ ಜಾಗದಲ್ಲಿ, ಒಂದು ಕಂಪನಿಯ ಜಾಲ ಮುಗಿದು ಇನ್ನೊಂದರ ಜಾಲ ಶುರುವಾಗುವ ಗಡಿಯಲ್ಲಿ. ಅದನ್ನು ನಾವು ಪಿಒಐ (ಪಾಯಿಂಟ್ ಆಫ್ ಇಂಟರ್‌ಕನೆಕ್ಷನ್) ಅಂತೀವಿ. ನಾನು ಬಹಳ ವರ್ಷ ಇಂಟರ್‌ಕನೆಕ್ಟ್ ವಿಭಾಗದಲ್ಲೇ ಕೆಲಸ ಮಾಡಿದವನು, ಹಾಗಾಗಿ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ.

ಮೊದಲು ಹಳೆಯ ಗಡಿ ಹೇಗಿತ್ತು ನೋಡಿ. ಬೆಂಗಳೂರಿನ ಒಂದು ಸ್ವಿಚ್ ಕೋಣೆ. ಗೋಡೆಗೆ ತಾಗಿ ಡಿಡಿಎಫ್ ಅನ್ನುವ ಕಬ್ಬಿಣದ ಚೌಕಟ್ಟು, ಅದರ ತುಂಬ ಸಾಲು ಸಾಲು ತಂತಿ. ಈ1 ಅನ್ನುವ ಒಂದೊಂದು ಲಿಂಕ್‌ನ ವೇಗ 2.048 ಎಂಬಿಪಿಎಸ್, ಅದರಲ್ಲಿ ಒಂದೇ ಹೊತ್ತಿಗೆ ಹೋಗುವುದು 30 ಕರೆ. ಎದುರು ಕಂಪನಿಗೆ ಇನ್ನೂ 3,000 ಕರೆಯ ಜಾಗ ಬೇಕಾದರೆ 100 ಈ1 ಕೇಳಬೇಕು. ಅವರು ತಮ್ಮ ಸ್ವಿಚ್‌ನಲ್ಲಿ 100 ಪೋರ್ಟ್ ಕೊಡಬೇಕು, ಎರಡೂ ಕಡೆಯವರು ಕೂತು ತಂತಿ ಪಂಚ್ ಮಾಡಬೇಕು, ಲೂಪ್ ಹಾಕಿ ಪರೀಕ್ಷೆ ಮಾಡಬೇಕು, ಕೆಂಪು ದೀಪ ಆರಿ ಹಸಿರು ಬರಬೇಕು. ತಂತಿ ಕೆಲಸಕ್ಕೆ ಹಿಡಿಯುತ್ತಿದ್ದುದು ಒಂದೆರಡು ದಿನ. ಪೋರ್ಟ್ ಕೊಡಿ ಅಂತ ಬರೆದ ಪತ್ರಕ್ಕೆ ಉತ್ತರ ಬರಲು ತಿಂಗಳುಗಟ್ಟಲೆ. ದೇವರು ವರ ಕೊಟ್ಟರೂ ಪೂಜಾರಿ ಕೊಡಲ್ಲ ಅಂತಾರಲ್ಲ, ಪರವಾನಗಿ ಕೈಯಲ್ಲಿದ್ದರೂ ಪೋರ್ಟ್ ಇಲ್ಲದೆ ಹೊಸ ಕಂಪನಿಯೊಂದು ಕೈ ಕಟ್ಟಿ ಕೂತದ್ದನ್ನು ನಾನೇ ನೋಡಿದ್ದೇನೆ.

ಈ ಗಡಿ ಎಷ್ಟು ಮುಖ್ಯ ಅನ್ನುವುದು ದೇಶಕ್ಕೆಲ್ಲ ಗೊತ್ತಾದದ್ದು 2016ರಲ್ಲಿ. ಜಿಯೊ ಸೆಪ್ಟೆಂಬರ್ 5ಕ್ಕೆ ಶುರುವಾಯಿತು, ಕರೆ ಉಚಿತ ಅಂದಿತು. ಅಲ್ಲಿಂದ ಬೇರೆ ಕಂಪನಿಗಳಿಗೆ ಹೋಗುವ ಕರೆಗಳು ದಂಡಿಯಾಗಿ ವಿಫಲವಾದವು. ನಿಯಮದ ಪ್ರಕಾರ ಪಿಒಐನಲ್ಲಿ ಜಾಗ ಸಿಗದೆ ಬೀಳುವ ಕರೆ 1,000ಕ್ಕೆ 5ಕ್ಕಿಂತ ಜಾಸ್ತಿ ಇರಬಾರದು. ಆಗ ಬೀಳುತ್ತಿದ್ದ ಕರೆ ಆ ಮಿತಿಗಿಂತ ಎಷ್ಟೋ ಪಟ್ಟು ಜಾಸ್ತಿ. ಸಾಕಷ್ಟು ಪಿಒಐ ಕೊಡುತ್ತಿಲ್ಲ ಅಂತ ಜಿಯೊ, ಉಚಿತ ಕರೆಯ ಪ್ರವಾಹವನ್ನು ನಮ್ಮ ಮೇಲೆ ಹರಿಸುತ್ತಿದ್ದಾರೆ ಅಂತ ಹಳೆಯ ಕಂಪನಿಗಳು. ಅಕ್ಟೋಬರ್‌ನಲ್ಲಿ ದೂರಸಂಪರ್ಕ ನಿಯಂತ್ರಣ ಸಂಸ್ಥೆಯಾದ ಟ್ರಾಯ್, ಏರ್‌ಟೆಲ್, ವೊಡಾಫೋನ್, ಐಡಿಯಾ ಮೂರಕ್ಕೂ ಸೇರಿ 3,050 ಕೋಟಿ ರೂಪಾಯಿ ದಂಡ ಹಾಕಬೇಕು ಅಂತ ಶಿಫಾರಸು ಮಾಡಿತು. ಆ ಜಗಳದಲ್ಲಿ ಯಾರದು ಸರಿ ಅನ್ನುವುದು ಬೇರೆ ಮಾತು. ಇಲ್ಲಿ ಗಮನಿಸಬೇಕಾದ್ದು ಒಂದೇ: ನಿಮ್ಮ ಗ್ರಾಹಕನ ಕರೆ ಮುಟ್ಟುತ್ತೋ ಇಲ್ಲವೋ ಅನ್ನುವುದನ್ನು ನಿಮ್ಮ ಪ್ರತಿಸ್ಪರ್ಧಿ ತೀರ್ಮಾನಿಸುತ್ತಾನೆ. ಬೇರೆ ಯಾವ ವ್ಯಾಪಾರದಲ್ಲಿ ಹೀಗಿದೆ ಹೇಳಿ?

ನೀವು ಕೇಳಿದ ಸಾಮಾನ್ಯ ಎಕ್ಸ್‌ಚೇಂಜ್ ಹುಟ್ಟುವುದು ಇಲ್ಲಿಂದಲೇ. ಲೆಕ್ಕ ಸುಲಭ. ಒಂದು ಸರ್ಕಲ್‌ನಲ್ಲಿ, ಅಂದರೆ ಫೋನ್ ಸೇವೆಗಾಗಿ ದೇಶವನ್ನು ಹಂಚಿದ ಒಂದು ವಲಯದಲ್ಲಿ, 12 ಕಂಪನಿ ಇದ್ದು, ಪ್ರತಿಯೊಂದೂ ಉಳಿದ ಎಲ್ಲದರ ಜೊತೆ ನೇರ ಲಿಂಕ್ ಹಾಕಿಕೊಂಡರೆ 66 ಜೋಡಿ ಆಗುತ್ತೆ. ದೇಶದಲ್ಲಿ 22 ಸರ್ಕಲ್. ಒಂದೊಂದು ಜೋಡಿಗೂ ಒಪ್ಪಂದ, ಪೋರ್ಟ್ ಶುಲ್ಕ, ಪರೀಕ್ಷೆ, ತಿಂಗಳ ಕೊನೆಗೆ ಬಿಲ್ ತಾಳೆ ನೋಡುವುದು. ಹನ್ನೆರಡು ಊರಿನವರು ಒಬ್ಬೊಬ್ಬರ ಮನೆ ಬಾಗಿಲಿಗೂ ಅಲೆಯುವ ಬದಲು ಒಂದು ಸಂತೆಗೆ ಬಂದು ಸೇರಿದರೆ? 12 ಲಿಂಕ್ ಸಾಕು. ಒಂದು ಕಡೆ ಕೆಟ್ಟರೆ ಇನ್ನೊಂದಿರಲಿ ಅಂತ ಎರಡು ಜಾಗದಲ್ಲಿ ಸಂತೆ ಮಾಡಿದರೂ 24.

ಇದರಲ್ಲಿ ಹೊರಗಿನವರಿಗೆ ಕಾಣದ ಇನ್ನೊಂದು ಲಾಭವೂ ಇದೆ, ನನಗೆ ಅದೇ ಇಷ್ಟ. 30 ಕರೆಯ ಒಂದು ಈ1ನಲ್ಲಿ, 1,000ಕ್ಕೆ 5 ಕರೆ ಮಾತ್ರ ಬೀಳಬೇಕು ಅಂದರೆ, ಸರಾಸರಿ 19 ಕರೆಯಷ್ಟು ಹೊರೆ ಮಾತ್ರ ಹಾಕಬಹುದು. ಉಳಿದ 11 ದಾರಿ ಏರಿಳಿತಕ್ಕೆ ಅಂತ ಖಾಲಿ ಇಡಬೇಕು. ಹತ್ತು ಕಂಪನಿಗೆ ಒಂದೊಂದು ಈ1 ಇಟ್ಟರೆ ಒಟ್ಟು ಹೊರೆ 190. ಅದೇ 300 ದಾರಿಯನ್ನು ಒಂದೇ ಗುಂಪಾಗಿ ಎಕ್ಸ್‌ಚೇಂಜ್‌ಗೆ ಹಾಕಿದರೆ ಸುಮಾರು 270 ಕರೆಯ ಹೊರೆ ಎಳೆಯುತ್ತೆ. ಅದೇ ತಂತಿ, ಅದೇ ಗುಣಮಟ್ಟ. ಒಂದು ಕಂಪನಿಯ ಕಡೆ ಖಾಲಿ ಇದ್ದಾಗ ಆ ಜಾಗ ಇನ್ನೊಂದಕ್ಕೆ ಸಿಗುತ್ತೆ ಅಷ್ಟೇ. ಸಣ್ಣವರಿಗೆ ಇದು ದೊಡ್ಡ ಉಳಿತಾಯ, ಯಾಕಂದ್ರೆ ಸಣ್ಣ ಗುಂಪಿನಲ್ಲೇ ಜಾಸ್ತಿ ಜಾಗ ಖಾಲಿ ಬೀಳುವುದು.

ಈಗ ಎನ್‌ಜಿಎನ್, ಅಂದರೆ ಹೊಸ ಪೀಳಿಗೆಯ ಫೋನ್ ಜಾಲದ ವಿಷಯಕ್ಕೆ ಬರೋಣ. ನಿಮ್ಮ ಕಡೆಯವರಿಗೆ ಕಿತ್ತೂರು ಗೊತ್ತಿರುತ್ತೆ. 1986ರಲ್ಲಿ ಸರ್ಕಾರದ ಟೆಲಿಕಾಂ ಸಂಶೋಧನಾ ಸಂಸ್ಥೆ ಸಿ-ಡಾಟ್‌ನ ಮೊದಲ ಗ್ರಾಮೀಣ ಎಕ್ಸ್‌ಚೇಂಜ್ ಬಂದದ್ದು ಅಲ್ಲಿಗೆ. 128 ಪೋರ್ಟ್‌ನ ಪೆಟ್ಟಿಗೆ, ಏಸಿ ಇಲ್ಲದೆ ಹಳ್ಳಿಯ ಸೆಕೆ, ಧೂಳಿನಲ್ಲೇ ನಡೆಯುವ ಹಾಗೆ ಮಾಡಿದ್ದು. ನಮ್ಮವರೇ ವಿನ್ಯಾಸ ಮಾಡಿದ ಆ ಪೆಟ್ಟಿಗೆಯ ಬಗ್ಗೆ ನನಗೆ ಇವತ್ತಿಗೂ ಹೆಮ್ಮೆ. ಅದೂ, ಅದರ ನಂತರ ಬಂದ ದೊಡ್ಡ ಸ್ವಿಚ್‌ಗಳೂ ಕೆಲಸ ಮಾಡಿದ್ದು ಒಂದೇ ರೀತಿ: ಕರೆ ಶುರುವಾದಾಗ ಈ ತುದಿಯಿಂದ ಆ ತುದಿಗೆ ಒಂದು ದಾರಿ ಮೀಸಲು, ನೀವು ಸುಮ್ಮನಿದ್ದರೂ ಆ ದಾರಿ ನಿಮ್ಮದೇ. ಎನ್‌ಜಿಎನ್‌ನಲ್ಲಿ ಆ ಮೀಸಲು ದಾರಿ ಇಲ್ಲ. ದನಿ ಸಣ್ಣ ಸಣ್ಣ ಪ್ಯಾಕೆಟ್ ಆಗಿ, ಇಂಟರ್‌ನೆಟ್‌ನ ಹಾಗೆ, ಐಪಿ ಜಾಲದಲ್ಲಿ ಹೋಗುತ್ತೆ. ಕರೆಯನ್ನು ಜೋಡಿಸುವ ಕೆಲಸವನ್ನು ಸಾಫ್ಟ್‌ಸ್ವಿಚ್ ಬೇರೆಯಾಗಿ ಮಾಡುತ್ತೆ. ಎರಡು ಕಂಪನಿಯ ಗಡಿಯಲ್ಲಿ ಎಸ್‌ಬಿಸಿ ಅನ್ನುವ ಕಾವಲುಗಾರ ಪೆಟ್ಟಿಗೆ ಕೂರುತ್ತೆ. ನೂರಾರು ತಾಮ್ರದ ಜೋಡಿಯ ಜಾಗದಲ್ಲಿ ಒಂದು ಜೋಡಿ ಫೈಬರ್. ಒಂದು ಗಿಗಾಬಿಟ್ ಪೋರ್ಟ್‌ನಲ್ಲಿ 10,000ಕ್ಕೂ ಜಾಸ್ತಿ ಕರೆ ಹಿಡಿಯುತ್ತೆ, ಅಂದರೆ 330ಕ್ಕೂ ಹೆಚ್ಚು ಈ1ನ ಕೆಲಸ. ನಾಳೆ ಇನ್ನೂ ಸಾವಿರ ಕರೆಯ ಜಾಗ ಬೇಕು ಅಂದರೆ ತಂತಿ ಎಳೆಯುವ ಪ್ರಶ್ನೆಯೇ ಇಲ್ಲ, ಮಿತಿಯ ಒಂದು ಸಂಖ್ಯೆ ಬದಲಿಸಿದರೆ ಆಯಿತು.

ದನಿ ಮಂಕಾಗುವುದಕ್ಕೂ ಕಾರಣ ಈ ಗಡಿಯೇ. ಹಳೆಯ ಈ1 ಮೇಲೆ ಹೋಗುವ ದನಿ 300ರಿಂದ 3,400 ಹರ್ಟ್ಸ್‌ವರೆಗೆ ಮಾತ್ರ. ವೋಲ್ಟೆಯ (4ಜಿ ಜಾಲದ ಮೇಲೆ ಹೋಗುವ ಕರೆಯ) ಎಚ್‌ಡಿ ದನಿ 50ರಿಂದ 7,000 ಹರ್ಟ್ಸ್‌ವರೆಗೆ ಹೋಗುತ್ತೆ. ನಿಮ್ಮ ಫೋನೂ ವೋಲ್ಟೆ, ಆ ಕಡೆಯದೂ ವೋಲ್ಟೆ, ಆದರೆ ನಡುವಿನ ಗಡಿ ಇನ್ನೂ ಟಿಡಿಎಂ, ಅಂದರೆ ಹಳೆಯ ಈ1 ರೀತಿಯದೇ ಆಗಿದ್ದರೆ, ಅಗಲದ ದನಿಯನ್ನು ಅಲ್ಲಿ ಹಿಂಡಿ ಕಿರಿದು ಮಾಡುತ್ತಾರೆ. ಆ ಕಡೆ ಹೋದ ಮೇಲೆ ಮತ್ತೆ ವೋಲ್ಟೆಗೆ ಹಾಕಿದರೂ ಕಳೆದುಹೋದದ್ದು ವಾಪಸ್ ಬರಲ್ಲ. ಫೋನ್‌ನಲ್ಲಿ ಯಾರಿಗಾದರೂ ಬ್ಯಾಂಕಿನ ಐಎಫ್‌ಎಸ್‌ಸಿ ಕೋಡ್ ಹೇಳಿದ್ದೀರಾ? ಎಫ್ ಅಂದರೆ ಎಸ್ ಅಂತ ಕೇಳಿಸುತ್ತೆ. ಆಮೇಲೆ 'ಎಫ್, ಫಾದರ್ ಎಫ್' ಅಂತ ಕೂಗಬೇಕು. ಈ ಎರಡು ಅಕ್ಷರದ ವ್ಯತ್ಯಾಸ ಇರುವುದೇ ಹೆಚ್ಚಾಗಿ 3,400ರ ಮೇಲಿನ ಭಾಗದಲ್ಲಿ, ಅದನ್ನೇ ಕತ್ತರಿಸಿ ಬಿಟ್ಟಿರುತ್ತಾರೆ. ಗಡಿಯೂ ಐಪಿ ಆಗಿ, ಎರಡೂ ಕಡೆ ಒಂದೇ ಎಚ್‌ಡಿ ಕೋಡೆಕ್ (ದನಿಯನ್ನು ಅಂಕಿಗೆ ಇಳಿಸುವ ವಿಧಾನ) ಒಪ್ಪಿಕೊಂಡರೆ ದನಿ ಹಾಗೇ ದಾಟುತ್ತೆ. ಕಿವಿ ಮಂದವಾದ ವಯಸ್ಸಾದವರಿಗೆ ಇದರಿಂದ ಆಗುವ ಉಪಕಾರ ನಾವು ಅಂದುಕೊಂಡದ್ದಕ್ಕಿಂತ ದೊಡ್ಡದು.

ಆದರೆ ಐಪಿ ಅಂದ ಕೂಡಲೇ ಎಲ್ಲ ಸುಸೂತ್ರ ಅಂತ ತಿಳಿಯಬೇಡಿ. ಎಲ್ಲರೂ ಎಸ್‌ಐಪಿ ಅನ್ನುವ ಭಾಷೆಯಲ್ಲೇ ಮಾತಾಡುತ್ತಾರೆ, ಆದರೂ ಧಾರವಾಡದ ಕನ್ನಡಕ್ಕೂ ಮಂಗಳೂರಿನ ಕನ್ನಡಕ್ಕೂ ಇರುವಷ್ಟು ವ್ಯತ್ಯಾಸ ಅವರವರ ಎಸ್‌ಐಪಿಯಲ್ಲಿ ಇರುತ್ತೆ. ಒಂದು ಸಲ ನಾವು ಒಂದು ಕಂಪನಿಯ ಜೊತೆ ಹೊಸ ಐಪಿ ಲಿಂಕ್ ಶುರು ಮಾಡಿದೆವು. ಪರೀಕ್ಷೆಯಲ್ಲಿ ಕರೆ ಹೋಯಿತು, ದನಿ ಗಂಟೆ ಹೊಡೆದ ಹಾಗೆ ಕೇಳಿಸಿತು, ಎಲ್ಲರಿಗೂ ಖುಷಿ. ಮಾರನೇ ದಿನ ಬೆಳಿಗ್ಗೆಯಿಂದ ದೂರು. ಬ್ಯಾಂಕಿಗೆ ಕರೆ ಮಾಡಿದವರಿಗೆ 'ಕನ್ನಡಕ್ಕಾಗಿ ಒಂದನ್ನು ಒತ್ತಿ' ಅಂತ ಕೇಳಿಸುತ್ತೆ, ಒಂದನ್ನು ಒತ್ತುತ್ತಾರೆ, ಏನೂ ಆಗಲ್ಲ. ಮತ್ತೆ ಅದೇ ದನಿ, ಮತ್ತೆ ಒತ್ತು. ಗುಂಡಿ ಒತ್ತಿದ ಸುದ್ದಿ ಐಪಿಯಲ್ಲಿ ದನಿಯ ಜೊತೆ ಬೇರೆ ಪ್ಯಾಕೆಟ್ ಆಗಿ ಹೋಗುತ್ತೆ. ಎಚ್‌ಡಿ ಕರೆಯಲ್ಲಿ ಅದರ ಗಡಿಯಾರ ಸೆಕೆಂಡಿಗೆ 16,000ದ ಲೆಕ್ಕದಲ್ಲಿ ಇರಬೇಕು. ನಮ್ಮವರು ಹಾಗೆ ಕಳಿಸುತ್ತಿದ್ದರು, ಆ ಕಡೆಯವರು 8,000ದ ಲೆಕ್ಕವನ್ನು ಮಾತ್ರ ಒಪ್ಪುತ್ತಿದ್ದರು. ಟ್ರೇಸ್ (ಎರಡು ಕಡೆಯ ಯಂತ್ರಗಳ ಮಾತುಕತೆಯ ದಾಖಲೆ) ತೆಗೆದು ಸಾಲು ಸಾಲು ಓದಿ ಆ ಒಂದು ಸಾಲು ಸಿಗುವ ಹೊತ್ತಿಗೆ ಎರಡು ರಾತ್ರಿ ಕಳೆದಿತ್ತು. ಆ ಎರಡು ದಿನ ಎಷ್ಟು ಜನ ಕಾರ್ಡ್ ಬ್ಲಾಕ್ ಮಾಡಿಸಲಾಗದೆ ಪರದಾಡಿದರೋ ಅನ್ನುವುದು ಈಗಲೂ ನನ್ನ ಮನಸ್ಸಿನಲ್ಲಿ ಕೊರೆಯುತ್ತೆ. ಇಂಥ ಸರಿಪಡಿಕೆಯನ್ನು ಒಂದೊಂದು ಜೋಡಿಗೂ ಹೊಸದಾಗಿ ಮಾಡಬೇಕು. ನಡುವೆ ಎಕ್ಸ್‌ಚೇಂಜ್ ಇದ್ದರೆ ನೀವು ಅದರ ಜೊತೆ ಒಮ್ಮೆ ಸರಿ ಮಾಡಿಕೊಂಡರೆ ಸಾಕು, ಉಳಿದವರ ಭಾಷೆಗೆ ಹೊಂದಿಸುವುದು ಅದರ ಕೆಲಸ.

ನಂಬರ್ ಪೋರ್ಟಬಿಲಿಟಿಯದ್ದೂ, ಅಂದರೆ ನಂಬರ್ ಉಳಿಸಿಕೊಂಡು ಕಂಪನಿ ಬದಲಿಸುವುದರದ್ದೂ ಹೀಗೇ. 2011ರ ಜನವರಿ 20ರಿಂದ ದೇಶಕ್ಕೆಲ್ಲ ಪೋರ್ಟಿಂಗ್ ಬಂದ ಮೇಲೆ ನಂಬರ್ ನೋಡಿ ಕಂಪನಿ ಯಾವುದು ಅಂತ ಹೇಳಲು ಆಗಲ್ಲ. ಪ್ರತಿ ಕರೆಗೂ ಈಗ ಈ ನಂಬರ್ ಯಾರ ಹತ್ತಿರ ಇದೆ ಅಂತ ಹುಡುಕಿ ಕಳಿಸುವುದು ಕರೆ ಹುಟ್ಟಿದ ಕಡೆಯವರ ಜವಾಬ್ದಾರಿ. ಸಣ್ಣವರ ಬದಲು ಆ ಹುಡುಕಾಟವನ್ನು ಎಕ್ಸ್‌ಚೇಂಜ್ ಮಾಡಿಕೊಡಬಹುದು.

ಇಷ್ಟೆಲ್ಲ ಒಳ್ಳೆಯದಿದ್ದರೆ ಯಾಕಾಗಿಲ್ಲ? ಮಾತು ಹೊಸದಲ್ಲ. ಟ್ರಾಯ್ ಎನ್‌ಜಿಎನ್ ಬಗ್ಗೆ ಶಿಫಾರಸು ಕೊಟ್ಟದ್ದೇ 2006ರಲ್ಲಿ. ಐಪಿ ಜಾಲಕ್ಕೆ ಹೋಗುವುದರ ಬಗ್ಗೆ 2014ರಲ್ಲಿ ಮತ್ತೆ ಎಲ್ಲರ ಅಭಿಪ್ರಾಯ ಕೇಳಿತು. ಅಡ್ಡಿ ಇದ್ದದ್ದು ದುಡ್ಡಿನಲ್ಲಿ. ನೀವು ನಿಕ್ಸಿ ಹೆಸರು ಹೇಳಿದಿರಿ. 2003ರಲ್ಲಿ ಅದು ಬರುವ ಮುಂಚೆ ನಮ್ಮ ಎರಡು ಐಎಸ್‌ಪಿಗಳ (ಇಂಟರ್‌ನೆಟ್ ಕಂಪನಿಗಳ) ನಡುವಿನ ಮೇಲ್ ಎಷ್ಟೋ ಸಲ ಅಮೆರಿಕಕ್ಕೆ ಹೋಗಿ ಬರುತ್ತಿತ್ತು. ಆ ಹೊರದೇಶದ ಬ್ಯಾಂಡ್‌ವಿಡ್ತ್‌ಗೆ ಇಬ್ಬರೂ ದುಡ್ಡು ಕಟ್ಟುತ್ತಿದ್ದರು, ಹಾಗಾಗಿ ಸಂತೆಗೆ ಬರುವುದು ಇಬ್ಬರಿಗೂ ಲಾಭ. ಫೋನ್ ಕರೆಯಲ್ಲಿ ಹಾಗಿರಲಿಲ್ಲ. ಕರೆ ಮುಗಿಸಿಕೊಡುವ ಕಂಪನಿಗೆ ನಿಮಿಷಕ್ಕೆ ಇಷ್ಟು ಅಂತ ಐಯುಸಿ ಕೊಡಬೇಕಿತ್ತು. 2015ರಿಂದ ಅದು 14 ಪೈಸೆ. ಜಾಸ್ತಿ ಗ್ರಾಹಕರಿದ್ದ ದೊಡ್ಡ ಕಂಪನಿಗೆ ಒಳಬರುವ ಕರೆಯೇ ಆದಾಯ, ಪೋರ್ಟ್ ಅನ್ನುವುದು ಕೈಯಲ್ಲಿರುವ ಅಸ್ತ್ರ. ಅದನ್ನು ಯಾರು ಸುಮ್ನೆ ಬಿಟ್ಟುಕೊಡುತ್ತಾರೆ? 2017ರ ಅಕ್ಟೋಬರ್‌ನಲ್ಲಿ ಅದು 6 ಪೈಸೆಗೆ ಇಳಿಯಿತು, 2021ರ ಜನವರಿ 1ರಿಂದ ಸೊನ್ನೆ. ಅಂದರೆ ಈಗ ಫೋನ್ ಕರೆಯೂ ಲೆಕ್ಕಾಚಾರದಲ್ಲಿ ಇಂಟರ್‌ನೆಟ್‌ನ ಹಾಗೇ ಆಗಿದೆ, ನಿನ್ನದು ನನಗೆ, ನನ್ನದು ನಿನಗೆ. ಎಕ್ಸ್‌ಚೇಂಜ್‌ಗೆ ಇದ್ದ ದೊಡ್ಡ ಅಡ್ಡಿ ಹೋಯಿತು.

ಅಷ್ಟರೊಳಗೆ ಕಂಪನಿಗಳೇ ಹೋದವು. ಈಗ ಕರ್ನಾಟಕದಲ್ಲಿ ದೊಡ್ಡ ಮೊಬೈಲ್ ಕಂಪನಿ ನಾಲ್ಕು: ಜಿಯೊ, ಏರ್‌ಟೆಲ್, ವಿ (ವೊಡಾಫೋನ್, ಐಡಿಯಾ ಸೇರಿ ಆದದ್ದು), ಬಿಎಸ್‌ಎನ್‌ಎಲ್. ನಾಲ್ಕಕ್ಕೆ ಜೋಡಿ ಆರೇ. ಆರು ಜೋಡಿಗೆ ಯಾಕೆ ಎಕ್ಸ್‌ಚೇಂಜ್, ನೇರವಾಗಿಯೇ ಸಾಕಲ್ಲ ಅಂತ ಅವರು ಕೇಳುತ್ತಾರೆ. ಅವರ ಮಟ್ಟಿಗೆ ಅದು ಸರಿಯೇ. ಅಷ್ಟು ದೊಡ್ಡ ಹೊರೆ ಇರುವ ಇಬ್ಬರ ನಡುವೆ ನೇರ ಲಿಂಕೇ ಅಗ್ಗ, ಗುಂಪಿನ ಲಾಭವೂ ಅವರಿಗೆ ಆಗಲೇ ಸಿಕ್ಕಿರುತ್ತೆ. ಈ ಲೆಕ್ಕದಲ್ಲಿ ಸೇರದೆ ಉಳಿಯುವವರು ನೀವು. ಜಿಲ್ಲೆಯ ಮಟ್ಟದಲ್ಲಿ ಫೋನ್ ಸೇವೆ ಕೊಡಲು ಹೊರಟವರು, ಹೊಸದಾಗಿ ಕಣಕ್ಕೆ ಇಳಿಯುವವರು. ಬರುವ ಮುಂಚೆಯೇ ದಾರಿ ಇಷ್ಟು ಕಿರಿದಾದರೆ ಐದನೆಯವರು ಬರುವುದಾದರೂ ಹೇಗೆ? ನಾನು ಎಕ್ಸ್‌ಚೇಂಜ್ ಬೇಕು ಅನ್ನುವುದು ಇದೇ ಕಾರಣಕ್ಕೆ. ತಂತಿ ಉಳಿಯುತ್ತೆ ಅನ್ನುವುದು ನನಗೆ ಎರಡನೆಯ ಮಾತು. ಪೋರ್ಟ್‌ನ ಬೀಗದ ಕೈ ಪ್ರತಿಸ್ಪರ್ಧಿಯ ಜೇಬಿನಲ್ಲಿ ಇರಬಾರದು.

ಹಾಗಂತ ಎಲ್ಲ ಕರೆಯೂ ಎಕ್ಸ್‌ಚೇಂಜ್ ಮೂಲಕವೇ ಹೋಗಲಿ ಅಂತ ಕಾನೂನು ಮಾಡಿದರೂ ಕಷ್ಟ. ಬಾಂಗ್ಲಾದೇಶ ಅದನ್ನೇ ಮಾಡಿತು. ಅಲ್ಲಿ 2007ರ ನೀತಿಯಲ್ಲಿ ಐಸಿಎಕ್ಸ್ ಅನ್ನುವ ಪದರ ತಂದರು, ದೇಶದೊಳಗೆ ಒಂದು ಕಂಪನಿಯಿಂದ ಇನ್ನೊಂದಕ್ಕೆ ಹೋಗುವ ಕರೆ ಐಸಿಎಕ್ಸ್ ದಾಟಿಯೇ ಹೋಗಬೇಕು. ಶುರುವಿನಲ್ಲಿ ಬೆರಳೆಣಿಕೆಯಷ್ಟು ಪರವಾನಗಿ, 2012ರಲ್ಲಿ ಇನ್ನೂ ಎಷ್ಟೋ ಕೊಟ್ಟರು. ಪ್ರತಿ ನಿಮಿಷಕ್ಕೂ ನಡುವಿನವರಿಗೆ ಒಂದು ಪಾಲು. ಒಂದು ಊರಿಗೆ ಒಂದು ಸಂತೆ ಇರಬೇಕಾದಲ್ಲಿ ಹತ್ತಾರು ಸಂತೆ ಆಗಿ, ಸಂತೆ ಸುಂಕ ವಸೂಲಿಯೇ ಒಂದು ದಂಧೆಯಾಗಿ ಬೆಳೆಯಿತು. ಆಡಳಿತಕ್ಕೆ ಕರೆಯ ಲೆಕ್ಕ ಸಿಕ್ಕಿತು ನಿಜ, ಆದರೆ ಬೆಲೆ ಕೊಟ್ಟದ್ದು ಕರೆ ಮಾಡುವವರು. 2025ರ ಹೊಸ ನೀತಿಯಲ್ಲಿ ಈ ಪದರಗಳನ್ನು ತೆಗೆಯುವ ದಾರಿ ಹಿಡಿದಿದ್ದಾರೆ.

ನನ್ನ ಅಭಿಪ್ರಾಯ ಕೇಳಿದರೆ, ದೊಡ್ಡವರು ತಮ್ಮ ನಡುವೆ ನೇರ ಲಿಂಕ್ ಇಟ್ಟುಕೊಳ್ಳಲಿ, ಅದಕ್ಕೆ ಯಾರ ತಕರಾರೂ ಬೇಡ. ಆದರೆ ಪ್ರತಿ ಸರ್ಕಲ್‌ನಲ್ಲೂ ಎರಡು ಜಾಗದಲ್ಲಿ ಒಂದು ಲಾಭರಹಿತ ಎಕ್ಸ್‌ಚೇಂಜ್ ಇರಲಿ, ಅಲ್ಲಿ ಬಂದು ಸೇರುವುದು ಎಲ್ಲ ದೊಡ್ಡ ಕಂಪನಿಗೂ ಕಡ್ಡಾಯವಾಗಲಿ. ಹೊಸಬರು ಅಲ್ಲಿಗೆ ಒಂದು ಲಿಂಕ್ ಹಾಕಿಕೊಂಡರೆ ಎಲ್ಲರಿಗೂ ಕರೆ ಹೋಗಬೇಕು. ಶುಲ್ಕ ಪೋರ್ಟ್ ಲೆಕ್ಕದಲ್ಲಿ ಇರಲಿ, ನಿಮಿಷದ ಲೆಕ್ಕ ಬೇಡ, ನಿಮಿಷದ ಲೆಕ್ಕ ಬಂದರೆ ಸುಂಕದ ಕಥೆ ಮತ್ತೆ ಶುರು. ಇನ್ನೊಂದು ವಿಷಯವನ್ನು ಗಟ್ಟಿಯಾಗಿ ಹೇಳಬೇಕು. ಇಂಥ ಜಾಗದಲ್ಲಿ ಯಾರು ಯಾರಿಗೆ ಕರೆ ಮಾಡಿದರು ಅನ್ನುವ ಲೆಕ್ಕ ಒಂದೇ ಕಡೆ ರಾಶಿ ಬೀಳುತ್ತೆ. ಸುಳ್ಳು ನಂಬರ್ ತೋರಿಸುವ ವಂಚನೆಯ ಕರೆ ಹಿಡಿಯಲು ಅದು ಅನುಕೂಲ. ಹೊರದೇಶದಿಂದ ಭಾರತದ ನಂಬರ್ ಹಾಕಿಕೊಂಡು ಬರುವ ಕರೆಗಳನ್ನು ತಡೆಯಲು 2024ರ ಅಕ್ಟೋಬರ್‌ನಲ್ಲಿ ಸರ್ಕಾರ ಒಂದು ಕೇಂದ್ರ ವ್ಯವಸ್ಥೆ ತಂದಾಗ, ಮೊದಲ 24 ಗಂಟೆಯಲ್ಲೇ ಸುಮಾರು 1.35 ಕೋಟಿ ಕರೆ ಗುರುತಿಸಿ ತಡೆದದ್ದಾಗಿ ಹೇಳಿತು. ಆದರೆ ಅದೇ ರಾಶಿ ತಪ್ಪು ಕೈಗೆ ಸಿಕ್ಕರೆ ಜನರ ಗುಟ್ಟೂ ಹೋಯಿತು, ಕಂಪನಿಗಳ ವ್ಯಾಪಾರದ ಗುಟ್ಟೂ ಹೋಯಿತು. ಯಾವ ಲೆಕ್ಕ ಎಷ್ಟು ದಿನ ಇಡಬೇಕು, ಯಾರು ನೋಡಬಹುದು ಅನ್ನುವುದು ಮೊದಲ ಲಿಂಕ್ ಹಾಕುವ ಮುಂಚೆಯೇ ಬರಹದಲ್ಲಿ ಇರಬೇಕು.

2016ರ ಜಗಳದ ನಂತರ ನಿಯಮ ಸ್ವಲ್ಪ ಗಟ್ಟಿಯಾಗಿದೆ ಅನ್ನುವುದನ್ನೂ ಹೇಳಬೇಕು. 2018ರ ಇಂಟರ್‌ಕನೆಕ್ಷನ್ ನಿಯಮದಲ್ಲಿ ಪೋರ್ಟ್ ಕೊಡಲು ಮೊದಲು 30 ದಿನ, ಅದೇ ವರ್ಷ ತಿದ್ದುಪಡಿಯಾಗಿ 42 ಕೆಲಸದ ದಿನ ಅಂತ ಗಡುವು ಇದೆ. ನಿಯಮ ಮುರಿದರೆ ಒಂದು ಸರ್ಕಲ್‌ಗೆ ದಿನಕ್ಕೆ 1 ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು. ದೊಡ್ಡ ಕಂಪನಿಗೆ ಆ ದಂಡ ಲೆಕ್ಕಕ್ಕೇ ಇಲ್ಲ, ಆದರೆ ಕಾಯುವ ಸಣ್ಣವರಿಗೆ ಆ ಒಂದೊಂದು ದಿನವೂ ಭಾರ.

ಈಗ ನಿಮ್ಮ ವಿಷಯ. ಐಎಸ್‌ಪಿ ಪರವಾನಗಿ ಇದ್ದ ಮಾತ್ರಕ್ಕೆ ದೇಶದೊಳಗಿನ ಫೋನ್ ನಂಬರ್‌ಗೆ ಕರೆ ಮುಟ್ಟಿಸುವ ಹಕ್ಕು ಸಿಗಲ್ಲ, ಅದಕ್ಕೆ ಆಕ್ಸೆಸ್ ಸೇವೆಯ (ಗ್ರಾಹಕರಿಗೆ ನೇರವಾಗಿ ಫೋನ್ ಸೇವೆ ಕೊಡುವ) ಪರವಾನಗಿ ಬೇಕು. ಸ್ವಂತ ಸ್ವಿಚ್ ಹಾಕಿ, ನಾಲ್ಕೂ ಕಂಪನಿಯ ಬಾಗಿಲು ತಟ್ಟುವ ಸಾಹಸಕ್ಕೆ ಈಗ ಕೈ ಹಾಕಬೇಡಿ ಅಂತ ನನ್ನ ಕಳಕಳಿಯ ಮಾತು. ಎರಡು ದಾರಿ ಇದೆ. ಒಂದು, ಬಿಎಸ್‌ಎನ್‌ಎಲ್ ಫೈಬರ್‌ಗೆ ಸ್ಥಳೀಯ ಪಾಲುದಾರರಾಗುವುದು. ಆಗ ಮನೆಯ ಓಎನ್‌ಟಿ ಪೆಟ್ಟಿಗೆಯ ಹಿಂದೆ ಫೋನ್ ಅಂತ ಬರೆದ ಸಣ್ಣ ಪೋರ್ಟ್ ಇರುತ್ತಲ್ಲ, ಅದಕ್ಕೆ ಹಳೆಯ ಲ್ಯಾಂಡ್‌ಲೈನ್ ಸೆಟ್ ಸಿಕ್ಕಿಸಿದರೆ ಸಾಕು. ಅಲ್ಲಿಂದಲೇ ದನಿ ಐಪಿ ಆಗಿ ಎನ್‌ಜಿಎನ್‌ಗೆ ಹೋಗುತ್ತೆ, ಗಡಿಯ ತಲೆನೋವು ಅವರದು. ಇನ್ನೊಂದು, ದೊಡ್ಡ ಕಂಪನಿಯೊಂದರ ಅಡಿಯಲ್ಲಿ ವಿಎನ್‌ಒ ಆಗುವುದು, ಅಂದರೆ ಅವರ ಜಾಲವನ್ನೇ ಬಳಸಿ ನಿಮ್ಮ ಹೆಸರಿನಲ್ಲಿ ಸೇವೆ ಕೊಡುವುದು. ಇಲ್ಲೂ ಇಂಟರ್‌ಕನೆಕ್ಟ್ ಮೂಲ ಕಂಪನಿಯ ಜವಾಬ್ದಾರಿ. ಇದರ ಪರವಾನಗಿ ನಿಯಮಗಳು 2023ರ ಟೆಲಿಕಾಂ ಕಾಯ್ದೆಯ ಅಡಿಯಲ್ಲಿ ಬದಲಾಗುತ್ತಿವೆ, ಹಾಗಾಗಿ ಅರ್ಜಿ ಹಾಕುವ ದಿನ ಯಾವುದು ಜಾರಿಯಲ್ಲಿದೆ ಅಂತ ದೂರಸಂಪರ್ಕ ಇಲಾಖೆಯ ಕಚೇರಿಯಲ್ಲಿ ಕೇಳಿಕೊಂಡೇ ಮುಂದೆ ಹೋಗಿ.

ಯಾರ ಜೊತೆ ಸೇರಿದರೂ ಸಹಿ ಹಾಕುವ ಮುಂಚೆ ಒಂದು ಪರೀಕ್ಷಾ ಲೈನ್ ಕೇಳಿ ಪಡೆಯಿರಿ. ಸಂಜೆ 7ರಿಂದ 9ರೊಳಗೆ, ಜನ ಜಾಸ್ತಿ ಮಾತಾಡುವ ಹೊತ್ತಿಗೆ, ನಾಲ್ಕೂ ಕಂಪನಿಯ ನಂಬರ್‌ಗೆ ಒಂದೊಂದಕ್ಕೆ 50 ಕರೆಯಾದರೂ ಮಾಡಿ ಎಷ್ಟು ಹೋಯಿತು ಬರೆದಿಟ್ಟುಕೊಳ್ಳಿ. ಪೋರ್ಟ್ ಆದ ನಂಬರ್ ಒಂದೆರಡು ಅದರಲ್ಲಿ ಸೇರಿರಲಿ. ಕೊನೆಗೆ ಒಂದು ಬ್ಯಾಂಕಿಗೂ ಒಂದು ಗ್ಯಾಸ್ ಬುಕಿಂಗ್ ನಂಬರ್‌ಗೂ ಕರೆ ಮಾಡಿ, ಕನ್ನಡಕ್ಕೆ ಒಂದನ್ನು ಒತ್ತಿ, ಅದು ಮುಂದಿನ ಹೆಜ್ಜೆಗೆ ಹೋಗುತ್ತಾ ನೋಡಿ.